ಕುವಾನಾ ಅವರ ಕೈ, ನೆಮೊಟೊನ ಕಾರು

ಜಪಾನಿನ ಆಶಿಕಾಗಾ ಊರಿನ ಹಳೆಯ ನೇಯ್ಗೆ ಗೋದಾಮಿನ ಮಹಡಿಯಲ್ಲಿ ಶಿಜುಎ ಎಂಬಾಕೆ ರಿಮೋಟ್ ಕಾರುಗಳ ಟ್ರ್ಯಾಕ್ ನಡೆಸುತ್ತಾಳೆ. ಕೆಳಗೆ ಬಿಡಿಭಾಗಗಳ ಅಂಗಡಿ, ಮೇಲೆ ನುಣ್ಣಗೆ ಉಜ್ಜಿದ ಸಿಮೆಂಟ್ ನೆಲ. ಭಾನುವಾರ ಬರುವವರು ಚಪ್ಪಲಿ ಕಳಚಿಟ್ಟು, ರಿಮೋಟ್ ಹಿಡಿದು ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಮೊಳದುದ್ದದ ಕಾರುಗಳು ಅಡ್ಡಡ್ಡ ಜಾರುತ್ತ ತಿರುವು ದಾಟುತ್ತವೆ. ಯಾರು ಮೊದಲು ಬಂದರೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಮುಂದಿನ ಕಾರು ಹೇಗೆ ಜಾರಿತೋ ಹಿಂದಿನದು ಅಂಗೈಯಗಲ ಅಂತರದಲ್ಲಿ ಹಾಗೆಯೇ ಜಾರಬೇಕು. ಆಟವೆಲ್ಲ ಅದರಲ್ಲೇ ಇದೆ.

ಕುವಾನಾ ತೊಕುಜಿ ಈ ಆಟಕ್ಕೆ ಬಂದದ್ದು ಐವತ್ತು ದಾಟಿದ ಮೇಲೆ. ವೃತ್ತಿಯಲ್ಲಿ ಡ್ರೈವಿಂಗ್ ಶಾಲೆಯ ಬೋಧಕರು. ವಾರವಿಡೀ ಕಾರು ಜಾರದಂತೆ ಓಡಿಸುವುದನ್ನು ಕಲಿಸಿ, ಭಾನುವಾರ ಅದನ್ನು ಜಾರಿಸುವುದಕ್ಕೆ ಬರುತ್ತೀರಲ್ಲ ಎಂದು ಶಿಜುಎ ಅವರನ್ನು ರೇಗಿಸುತ್ತಿದ್ದಳು. ಅವರ ಜೋಡಿ ನೆಮೊಟೊ ಶುನ್‌ಸಾಕು. ಅವರಿಗಿಂತ ಹತ್ತಾರು ವರ್ಷ ಚಿಕ್ಕವನು, ನಿಲ್ದಾಣದ ಹಿಂದಿನ ಲಾಂಡ್ರಿಯ ಮಾಲೀಕ. ನೆಮೊಟೊ ಮುಂದೆ, ಕುವಾನಾ ಹಿಂದೆ. ಎರಡು ಕಾರುಗಳಿಗೂ ಒಂದೇ ಹಸಿರು ಬಣ್ಣ, ಒಂದೇ ಮೋಟರು, ಒಂದೇ ಟೈರು. ಅವರದೊಂದು ಕಟ್ಟುಪಾಡಿತ್ತು: ಒಬ್ಬರ ಕಾರಿಗೆ ಹಾಕಿದ ಭಾಗವನ್ನು ಅದೇ ದಿನ, ಅದೇ ಮೇಜಿನ ಮೇಲೆ ಇನ್ನೊಬ್ಬರದಕ್ಕೂ ಹಾಕಬೇಕು. ಕಾರುಗಳು ತದ್ರೂಪಿದ್ದರೆ ತಪ್ಪು ಯಾರ ಕೈಯದೆಂದು ತಾನಾಗಿ ಗೊತ್ತಾಗುತ್ತದೆ ಎಂಬುದು ಕುವಾನಾ ಅವರ ವಾದ.

ಲೋಹದ ಭಾಗಗಳ ಮಾತು ತೆಗೆದವನು ನೆಮೊಟೊ. ಮುಂಚಕ್ರಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ತೋಳುಗಳು ಅವನ ಕಾರಿನಲ್ಲಿ ಪದೇಪದೇ ಮುರಿಯುತ್ತಿದ್ದವು.

"ಎಷ್ಟು ದಿನಾಂತ ಈ ಪ್ಲಾಸ್ಟಿಕ್ ಕಟ್ಕೊಂಡು ಏಗೋದು ಕುವಾನಾ-ಸಾನ್? ಗೋಡೆ ಮುಟ್ಟಿದ್ರೆ ಸಾಕು, ಲಟಕ್ ಅನ್ನುತ್ತೆ."

"ನಿನ್ನ ಕಾರು ಗೋಡೆ ಮುಟ್ಟಲ್ಲಪ್ಪ, ತಬ್ಕೊಳ್ಳುತ್ತೆ."

ಆದರೂ ಕುವಾನಾ ಒಪ್ಪಿದರು. ಶಿಜುಎ ನೇರಳೆ ಬಣ್ಣದ ಅಲ್ಯೂಮಿನಿಯಂ ತೋಳುಗಳನ್ನು ಇಬ್ಬರಿಗೂ ತರಿಸಿಕೊಟ್ಟಳು. ಒಂದು ಭಾನುವಾರ ಇಬ್ಬರೂ ಎದುರುಬದುರು ಕೂತು, ಒಬ್ಬರ ಸ್ಕ್ರೂಡ್ರೈವರ್ ಇನ್ನೊಬ್ಬರು ಇಸಿದುಕೊಳ್ಳುತ್ತ, ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದರು.

ಕೆಲವು ವಾರಗಳಲ್ಲಿ ಕುವಾನಾ ಹಿಂದೆ ಬೀಳತೊಡಗಿದರು. ಟ್ರ್ಯಾಕಿನಲ್ಲಿ, ಎಡಕ್ಕೆ ಜಾರುತ್ತಿದ್ದ ಕಾರನ್ನು ಬಲಕ್ಕೆ ತಿರುಗಿಸಿ ಎಸೆಯುವ ಜಾಗವೊಂದಿದೆ. ಅಲ್ಲಿ ನೆಮೊಟೊನ ಕಾರು ಮೀನಿನಂತೆ ಹೊರಳುತ್ತಿತ್ತು. ಕುವಾನಾ ಅವರದು ಒಂದು ಗಳಿಗೆ ಯೋಚಿಸಿದಂತೆ ನಿಂತು, ಆಮೇಲೆ ಹೊರಳಿ, ಮುಂದಿನ ಕಾರಿನ ಪಕ್ಕೆಗೆ ಗುದ್ದುತ್ತಿತ್ತು.

"ಈ ಲೋಹ ಭಾರ ಆಯ್ತೇನೋ," ಎಂದು ಅವರು ಒಮ್ಮೆ ಅಂದರು.

"ನನ್ನದ್ರಲ್ಲೂ ಅದೇ ಇದೆಯಲ್ಲ," ಅಂದ ನೆಮೊಟೊ.

ಕಾರುಗಳು ಒಂದೇ ಆದ ಮೇಲೆ ಉಳಿಯುವುದು ಕೈ. ಕುವಾನಾ ಮನೆಯಲ್ಲಿ ಬೆರಳು ಮಡಚಿ ಬಿಡಿಸುವ ಅಭ್ಯಾಸ ಶುರುಮಾಡಿದರು. ಹೆಂಡತಿ ಕೇಳಿದಾಗ ಚಳಿ ಎಂದರು. ಕಡೆಗೆ ನರಗಳ ಪರೀಕ್ಷೆಗೆ ಆಸ್ಪತ್ರೆಗೆ ಹೋದರು. ನೆಮೊಟೊ ಅಂದು ಲಾಂಡ್ರಿಯ ಬಾಗಿಲೆಳೆದು, ತನ್ನ ವ್ಯಾನಿನಲ್ಲೇ ಕರೆದೊಯ್ದು, ಪರೀಕ್ಷೆ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕಾದ. ದೋಷವೇನೂ ಕಾಣುತ್ತಿಲ್ಲ, ವಯಸ್ಸಾಗುತ್ತಿದೆ ಅಷ್ಟೇ ಎಂದರು ವೈದ್ಯರು. ಕುವಾನಾ ಅವರ ಕಿವಿಗೆ ಬಿದ್ದದ್ದು ಎರಡನೆಯ ಮಾತು ಮಾತ್ರ.

ಆಟದ ಕಾರಿನಲ್ಲಿ ತಡವಾಗುವ ಕೈ ನಿಜವಾದ ರಸ್ತೆಯಲ್ಲೂ ತಡವಾಗುತ್ತದೆ. ಪಕ್ಕದಲ್ಲಿ ಕಲಿಯುವವರನ್ನು ಕೂರಿಸಿಕೊಂಡು ಅಂಥ ಕೈ ನಂಬುವುದು ಸರಿಯಲ್ಲ. ಹೀಗೆಂದುಕೊಂಡು ಅವರು ರಸ್ತೆ ಪಾಠವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಮೂವತ್ತು ವರ್ಷ ಕೂತ ಸೀಟು ಅದು. ಶಾಲೆಯವರು ಅವರಿಗೆ ತರಗತಿಯಲ್ಲಿ ಸಂಚಾರ ನಿಯಮಗಳ ಪಾಠ ಕೊಟ್ಟರು. ನೆಮೊಟೊಗೆ ಹೇಳಿದಾಗ ಅವನು ಚಹಾ ಬಗ್ಗಿಸಿಕೊಡುತ್ತ, "ಒಳ್ಳೇದೇ ಮಾಡಿದ್ರಿ. ಆಮೇಲೆ ಏನಾದ್ರೂ ಆದ್ರೆ ಯಾರು ನೋಡ್ತಾರೆ?" ಅಂದ.

ಬೇಸಿಗೆ ಮುಗಿಯುತ್ತ ಬಂದಿದ್ದ ಒಂದು ಭಾನುವಾರ ಕುವಾನಾ ಆ ತಿರುವಿನಲ್ಲಿ ಮತ್ತೆ ತಡವಾದರು. ಅವರ ಕಾರು ನೆಮೊಟೊನದನ್ನು ಗೋಡೆಗೆ ಒತ್ತಿತು. ಲಟಕ್ಕೆಂದು ಸದ್ದಾಯಿತು.

"ತಪ್ಪಾಯ್ತು, ತಪ್ಪಾಯ್ತು," ಎನ್ನುತ್ತ ಕುವಾನಾ ಇಳಿದುಹೋಗಿ ಎರಡೂ ಕಾರುಗಳನ್ನು ಎತ್ತಿಕೊಂಡರು. ತಮ್ಮದನ್ನು ತಿರುಗಿಸಿ ನೋಡಿದರು. ನೇರಳೆ ತೋಳುಗಳು ನೆಟ್ಟಗಿದ್ದವು. ಅಷ್ಟರಲ್ಲಿ ಆಲೂಗಡ್ಡೆ ಹಾಕಿ ಹುರಿದ ಯಾಕಿಸೋಬಾ ನೂಡಲ್ಸಿನ ತಟ್ಟೆಗಳನ್ನು ಹಿಡಿದು ಬಂದ ಶಿಜುಎ "ಅಯ್ಯೋ" ಎಂದು ಕಾಲೆತ್ತಿದಳು. ಕಾಲುಚೀಲಕ್ಕೆ ಕರಿಯ ಪ್ಲಾಸ್ಟಿಕ್ ಚೂರು ಚುಚ್ಚಿಕೊಂಡಿತ್ತು.

"ಇದು ಯಾರದ್ರೀ? ತೋಳಿನ ಚೂರು. ನಿಮ್ಮಿಬ್ಬರಿಗೂ ನಾನು ಲೋಹದ್ದಲ್ವಾ ಕೊಟ್ಟಿದ್ದು?"

ಕುವಾನಾ ನೆಮೊಟೊನ ಕಾರಿನ ಹಸಿರು ಹೊದಿಕೆಯನ್ನು ಎತ್ತಿದರು. ಅವನು ಈಚೆಗೆ ಯಾರೆದುರಿಗೂ ಅದನ್ನು ತೆಗೆಯುತ್ತಿರಲಿಲ್ಲ. ಒಳಗೆ ಎರಡೂ ಕಡೆ ಕರಿಯ ಪ್ಲಾಸ್ಟಿಕ್. ಒಂದು ಮುರಿದಿತ್ತು.

"ಯಾವಾಗ ಬಿಚ್ಚಿದೆ?"

ನೆಮೊಟೊ ಕಟ್ಟೆ ಇಳಿದು ಬಂದ. "ಹಾಕಿದ ಮಾರನೇ ವಾರ. ಲೋಹದ ಭಾರಕ್ಕೆ ಕಾರು ಹೊರಳ್ತಾನೇ ಇರ್ಲಿಲ್ಲ."

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳೋಣ ಅಂತಾನೇ ಇದ್ದೆ ಕುವಾನಾ-ಸಾನ್. ಆಮೇಲೆ ಎಲ್ಲರೂ, ನೆಮೊಟೊ ಈಗ ಚೆನ್ನಾಗಿ ಓಡಿಸ್ತಾನೆ ಅನ್ನೋಕೆ ಶುರು ಮಾಡಿದ್ರು. ಇಷ್ಟು ವರ್ಷ ನಿಮ್ಮನ್ನೇ ಹೊಗಳ್ತಿದ್ರು. ನಾನು ಮುಂದೆ ಇದ್ರೂ ನೋಡ್ತಿದ್ದದ್ದು ನಿಮ್ಮ ಕಾರನ್ನೇ. ಒಂದು ಸಲ ನನಗೂ ಬರಲಿ ಅನ್ನಿಸ್ತು."

"ಬರಲಿ. ಅದು ಬಿಡು. ಆಸ್ಪತ್ರೆಗೆ ಕರ್ಕೊಂಡು ಹೋದೆಯಲ್ಲ?"

ನೆಮೊಟೊ ತನ್ನ ಕಾರಿಗೆ ಕೈ ಚಾಚಿದ. ಕುವಾನಾ ಕೊಡಲಿಲ್ಲ.

"ನನ್ನ ಬೆರಳಿಗೆ ಸೂಜಿ ಚುಚ್ಚಿ ನೋಡ್ತಿದ್ರು. ನೀನು ಹೊರಗೆ ಕೂತಿದ್ದೆ. ನಾನು ಸೀಟು ಬಿಟ್ಟೆ ಅಂದಾಗ ಒಳ್ಳೇದೇ ಮಾಡಿದ್ರಿ ಅಂದೆ."

"ಅಷ್ಟು ದೂರ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಆಟದ ಕಾರು ಕಣ್ರೀ ಇದು…"

"ಆಟದ್ದೇ. ನನ್ನ ಕೈ ಆಟದ್ದಲ್ಲ."

ಶಿಜುಎ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಕೆಳಗಿಳಿದಳು. ಈಗಲೇ ಲೋಹದ್ದು ಹಾಕುತ್ತೇನೆ, ಮನೆಯಲ್ಲೇ ಇದೆ, ತರುತ್ತೇನೆ ಎಂದ ನೆಮೊಟೊ. ಕುವಾನಾ ಅವನ ಕಾರನ್ನು ಅವನ ಕೈಗೆ ಕೊಟ್ಟು, ತಮ್ಮದನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಅಲ್ಲಿಗೆ ಅವರು ಮತ್ತೆ ಹೋಗಿಲ್ಲ.

ಮರುದಿನ ಶಾಲೆಯ ಮುಖ್ಯಸ್ಥರ ಎದುರು ಕೂತು ರಸ್ತೆ ಪಾಠ ವಾಪಸ್ಸು ಬೇಕೆಂದರು.

"ಕೈ ತಡ ಆಗುತ್ತೆ ಅಂತ ನೀವೇ ಹೇಳಿದ್ರಿ. ಈಗ ಏನಾಯ್ತು?"

"ನಾನು ತಪ್ಪು ತಿಳ್ಕೊಂಡಿದ್ದೆ."

ಯಾರಿಂದ, ಹೇಗೆ ಎಂಬುದನ್ನು ಅವರು ಹೇಳಲಿಲ್ಲ. ಹೇಳಹೊರಟರೆ ನೆಮೊಟೊನ ಹೆಸರು ಬರುತ್ತಿತ್ತು. ಅವನ ಲಾಂಡ್ರಿಗೆ ಶಾಲೆಯ ಅರ್ಧ ಜನ ಬಟ್ಟೆ ಹಾಕುತ್ತಾರೆ. ಮುಖ್ಯಸ್ಥರು ಪಕ್ಕದಲ್ಲಿ ಬೇರೊಬ್ಬ ಬೋಧಕನನ್ನು ಕೂರಿಸಿ ಕುವಾನಾ ಅವರಿಂದ ಕಾರು ಓಡಿಸಿ ನೋಡಿದರು. ಒದ್ದೆ ನೆಲದ ಮೇಲೆ ಹಠಾತ್ತನೆ ಕೆಂಪು ದೀಪ ಹೊತ್ತಿಸಿ ನಿಲ್ಲಿಸುವ ಪರೀಕ್ಷೆಯೂ ಇತ್ತು. ಕುವಾನಾ ಎಲ್ಲದರಲ್ಲೂ ಪಾಸಾದರು. ಎಲೆಗಳು ಉದುರುವ ಹೊತ್ತಿಗೆ ಸೀಟು ಮರಳಿ ಸಿಕ್ಕಿತು.

ಬೋಧಕನ ಕಾಲ ಬಳಿ ಇನ್ನೊಂದು ಬ್ರೇಕು ಇರುತ್ತದೆ. ಮೊದಲೆಲ್ಲ ಕುವಾನಾ ಪಾದವನ್ನು ಸೀಟಿನಡಿಗೆ ಎಳೆದುಕೊಂಡು ಕೂರುತ್ತಿದ್ದರಂತೆ. ಬೋಧಕ ನಂಬದಿದ್ದರೆ ಕಲಿಯುವವನು ಕಲಿಯುವುದಿಲ್ಲ ಎಂದು ಹೊಸ ಬೋಧಕರಿಗೆ ಹೇಳಿಕೊಡುತ್ತಿದ್ದವರೂ ಅವರೇ. ಈಗ ಕಾರು ಹೊರಡುವ ಮೊದಲೇ ಪಾದ ಬ್ರೇಕಿನ ಮೇಲಿರುತ್ತದೆ. ಮೊನ್ನೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಸೇತುವೆಯ ಹತ್ತಿರ ಕಾರು ಬದಿಗೆ ನಿಲ್ಲಿಸಿಯೇಬಿಟ್ಟಳು.

"ಮೇಷ್ಟ್ರೇ, ನಾನು ಹಾಕೋ ಮುಂಚೆನೇ ನೀವು ಬ್ರೇಕ್ ಹಾಕ್ತೀರಲ್ಲ. ನಾನೇನ್ ತಪ್ಪು ಮಾಡ್ದೆ?"

"ನೀನೇನೂ ಮಾಡಿಲ್ಲಮ್ಮ, ನಡಿ," ಅಂದರು ಕುವಾನಾ.

ಅವಳು ಕನ್ನಡಿ ನೋಡಿ, ಹಿಂದೆ ತಿರುಗಿ ನೋಡಿ, ಕಾರು ಹೊರಡಿಸಿದಳು. ಕುವಾನಾ ಅವರ ಪಾದ ಬ್ರೇಕಿನ ಮೇಲಿಂದ ಕದಲಲಿಲ್ಲ.