ಬಾಮೈದನ ಹೆಸರಲ್ಲಿ ಊದಿದ ಉಸಿರು

ಉಸಿರು ಕಡಿಮೆಯಿರುವವರನ್ನು ಕಂಡರೆ ತಿದಿಗೆ ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವವರು, ಮಾತಿನ ಮಧ್ಯೆ ಕೆಮ್ಮುವವರು, ಬಿಸಿನೀರು ಕೇಳಿ ಕುಡಿಯುವವರು, ಇವರೆಲ್ಲ ಅವನ ಲೆಕ್ಕದಲ್ಲಿ ಗಂಡಸರೇ ಅಲ್ಲ. ಕೆಮ್ಮು ಅವನಿಗೆ ಕಾಯಿಲೆಯಾಗಿ ಕಾಣುತ್ತಿರಲಿಲ್ಲ, ಮೈಗಳ್ಳತನವಾಗಿ ಕಾಣುತ್ತಿತ್ತು. ಇಂಥವನನ್ನು ಮೆಚ್ಚಿಕೊಳ್ಳುವುದು ಕಷ್ಟ, ಮೆಚ್ಚಿಕೊಳ್ಳಬೇಕಾದ ಅಗತ್ಯವೂ ಇಲ್ಲ.

ತಿದಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಲ್ಲು ಕೊಯ್ಯುವ ಶೆಡ್ಡಿಗೆ ಸೇರಿದ ಹೊಸತರಲ್ಲಿ, ಯಾರೋ ಸೊಂಟನೋವಿಗೆಂದು ತಂದಿದ್ದ ಬಿಸಿನೀರಿನ ರಬ್ಬರ್ ಚೀಲವನ್ನು ಅವನು ಊಟದ ಬಿಡುವಿನಲ್ಲಿ ಊದಿ ಊದಿ ಒಡೆದುಹಾಕಿದ. ಚೀಲ ಹೋದವನು ಗೊಣಗಿದ, ಉಳಿದವರು ಚಪ್ಪಾಳೆ ತಟ್ಟಿದರು. ಕುಲುಮೆಯ ತಿದಿಗೂ ಇಷ್ಟು ಗಾಳಿಯಿಲ್ಲ ಎಂದ ಮೇಸ್ತ್ರಿ. ಅವತ್ತು ಎದೆ ಸ್ವಲ್ಪ ಮುಂದಕ್ಕೆ ಬಂದದ್ದು ಮತ್ತೆ ಹಿಂದಕ್ಕೆ ಹೋಗಲೇ ಇಲ್ಲ. ಬೇರೆಯವರು ಬುದ್ಧಿಗೋ ಗುಣಕ್ಕೋ ಹೆಸರಾಗುತ್ತಾರೆ. ಇವನು ಗಾಳಿಗೆ ಹೆಸರಾದ, ಅದರಲ್ಲೇ ತೃಪ್ತನಾದ.

ಅಡುಗೆಮನೆಯ ಕಟ್ಟೆಗೆ ಹಾಸುವ ಚಪ್ಪಡಿಗಳನ್ನು ಅಳತೆಗೆ ಕೊಯ್ದು, ಅಂಚು ಉಜ್ಜಿ, ಸಿಂಕಿಗೆ ತೂತು ಕೊರೆದು ಕಳಿಸುವ ಶೆಡ್ಡು ಅದು. ಚಕ್ರ ಕಲ್ಲಿಗೆ ತಾಗಿದ ಕೂಡಲೇ ಬಿಳಿ ಪುಡಿ ಏಳುತ್ತದೆ. ಹಿಟ್ಟಿಗಿಂತ ನುಣುಪು, ಮೂಗಿನ ಕೂದಲಿಗೂ ಸಿಕ್ಕಿಕೊಳ್ಳುವುದಿಲ್ಲ, ನೆಟ್ಟಗೆ ಎದೆಗೆ ಇಳಿಯುತ್ತದೆ. ಅದಕ್ಕೆಂದೇ ಪ್ರತಿ ಯಂತ್ರದ ಪಕ್ಕದಲ್ಲೂ ಒಂದು ನೀರಿನ ಪೈಪು. ನೀರು ಬಿಟ್ಟುಕೊಂಡು ಕೊಯ್ದರೆ ಪುಡಿ ಕೆಸರಾಗಿ ಕೆಳಗೆ ಬೀಳುತ್ತದೆ. ತಿದಿ ತನ್ನ ಯಂತ್ರದ ಪೈಪನ್ನು ಕಿತ್ತು ಮೂಲೆಗೆ ಎಸೆದಿದ್ದ. ನೀರು ಬಿದ್ದರೆ ಸೀಸದಕಡ್ಡಿಯ ಗೆರೆ ಅಳಿಸುತ್ತದೆ, ಕೆಲಸ ನಿಧಾನವಾಗುತ್ತದೆ, ಪ್ಯಾಂಟು ಒದ್ದೆಯಾಗುತ್ತದೆ. ನಾವು ಕಲ್ಲು ಕೊಯ್ಯಲು ಬಂದವರೋ ಪಾತ್ರೆ ತೊಳೆಯಲು ಬಂದವರೋ ಎಂದು ಅವನು ಕೇಳಿದರೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ನಕ್ಕವರೂ ಒಬ್ಬೊಬ್ಬರಾಗಿ ಪೈಪು ಕಿತ್ತರು. ಮುಖಕ್ಕೆ ಕಟ್ಟಿಕೊಳ್ಳಲು ಕೊಟ್ಟ ದಪ್ಪ ಮಾಸ್ಕುಗಳು ಮೊಳೆಗೆ ನೇತುಬಿದ್ದಿದ್ದವು. ತಿದಿಯದರಲ್ಲಿ ಮಾತ್ರ ಕಡಲೆಕಾಯಿ ತುಂಬಿರುತ್ತಿತ್ತು. ಕೆಲಸ ಬೇಗ ಸಾಗುತ್ತಿದ್ದುದರಿಂದ ಮಾಲೀಕ ತುಟಿ ಪಿಟಕ್ಕೆನ್ನಲಿಲ್ಲ. ಅವನು ಧೂಳನ್ನು ನೋಡುತ್ತಿದ್ದುದು ಗಾಜಿನ ಕೋಣೆಯ ಒಳಗಿನಿಂದ.

ವರ್ಷಕ್ಕೊಮ್ಮೆ ಗೇಟಿನ ಬಳಿ ಆರೋಗ್ಯ ತಪಾಸಣೆಯ ವ್ಯಾನು ಬಂದು ನಿಲ್ಲುತ್ತಿತ್ತು. ಅದರಲ್ಲಿ ಬರುವ ಮೇಡಂ ಮೊದಲು ಶ್ವಾಸಕೋಶದ ಚಿತ್ರವೊಂದನ್ನು ಬಿಚ್ಚಿ ಹಿಡಿದು ಮಾತಾಡುವಳು. ಒಳಗೆ ಹೋದ ಕಲ್ಲಿನ ಪುಡಿ ಹೊರಗೆ ಬರುವುದಿಲ್ಲ. ಅದು ಕೂತ ಜಾಗ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಮತ್ತೆ ಮೆತ್ತಗೆ ಮಾಡುವ ಔಷಧವಿಲ್ಲ. ಬೇಗ ಗೊತ್ತಾದರೆ ಧೂಳಿನಿಂದ ದೂರ ಸರಿದು ಉಳಿದದ್ದನ್ನು ಉಳಿಸಿಕೊಳ್ಳಬಹುದು. ಮಗುವಿಗೂ ಅರ್ಥವಾಗುವ ಮಾತು. ತಿದಿ ಹಿಂದೆ ನಿಂತು ಅವಳು ಕೈಯಾಡಿಸುವುದನ್ನು ಅಣಕಿಸಿ ತೋರಿಸುತ್ತಿದ್ದ.

ಭಾಷಣ ಮುಗಿದ ಮೇಲೆ ಒಬ್ಬೊಬ್ಬರನ್ನೇ ವ್ಯಾನಿನೊಳಗೆ ಕರೆದು ನಳಿಕೆ ಊದಿಸಿ ಉಸಿರು ಅಳೆಯುತ್ತಿದ್ದರು. ಸರಿಯಾಗಿ ಊದಲಾಗದವನನ್ನು ಕೊಯ್ತದಿಂದ ಬಿಡಿಸಿ ಪ್ಯಾಕಿಂಗ್ ಕೋಣೆಗೆ ಹಾಕಬೇಕೆಂಬ ನಿಯಮ. ಅಲ್ಲಿ ಧೂಳಿಲ್ಲ, ಚಪ್ಪಡಿಯ ಮೂಲೆಗಳಿಗೆ ರಟ್ಟು ಕಟ್ಟುತ್ತಾ ಕೂರುವ ಕೆಲಸ. ತಿದಿ ಅದಕ್ಕೆ ಬಾಣಂತಿ ಕೋಣೆ ಎಂದು ಹೆಸರಿಟ್ಟ. ಹೆಸರು ಎಷ್ಟು ಚೆನ್ನಾಗಿ ಅಂಟಿತೆಂದರೆ, ಉಸಿರಿಗೆ ಒದ್ದಾಡುವವನೂ ಅಲ್ಲಿಗೆ ಹೋಗಲು ನಾಚಿದ.

ನಾಚಿದವರನ್ನು ಪಾರುಮಾಡುವ ಉಪಾಯವೂ ತಿದಿಯದೇ. ಎಲ್ಲರ ಮುಖಕ್ಕೂ ಒಂದೇ ಬಿಳಿ ಪುಡಿ, ಎಲ್ಲರ ತಲೆಗೂ ಒಂದೇ ಟೋಪಿ, ರೆಪ್ಪೆ ಕೂಡ ಬಿಳಿ. ಹೆತ್ತ ತಾಯಿಗೇ ಗುರುತು ಸಿಗದ ಆ ಮುಖಗಳಲ್ಲಿ ಯಾರು ಯಾರೆಂದು ಮೇಡಂಗೆ ಹೇಗೆ ತಿಳಿಯಬೇಕು? ಊದಲಾಗದವನ ಹೆಸರಿನ ಚೀಟಿ ಹಿಡಿದು ತಿದಿ ಒಳಗೆ ಹೋಗುವನು, ಊದುವನು, ಬರುವನು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬನ ಚೀಟಿ. ಆ ದಿನ ಅವನು ಬೇಕೆಂದೇ ಮುಖ ತೊಳೆಯುತ್ತಿರಲಿಲ್ಲ. ಹೆಸರು ಕೂಗುವ ಮೇಸ್ತ್ರಿ ಆಕಾಶ ನೋಡುತ್ತಿದ್ದ. ಇದಕ್ಕೆ ತಿದಿ ಯಾರಿಂದಲೂ ಒಂದು ಲೋಟ ಟೀ ಕೂಡ ಕೇಳಲಿಲ್ಲ. ಹೊರಗೆ ಬಂದಾಗ ಹಲ್ಲು ಗಿಂಜಿಕೊಂಡು ನಿಂತಿರುವ ಮುಖಗಳು ಕಂಡರೆ ಸಾಕಿತ್ತು. ಆ ಮುಖಗಳ ಮೇಲೂ ಅವನಿಗೆ ತಾತ್ಸಾರವೇ.

ಹೆಂಡತಿಯ ತಮ್ಮನನ್ನು ಶೆಡ್ಡಿಗೆ ಸೇರಿಸಿದವನೂ ತಿದಿಯೇ. ಮದುವೆಯಾಗದ, ಮಾತು ಕಡಿಮೆಯ ಆ ಬಾಮೈದ ಇವರ ಮನೆಯಲ್ಲೇ ಇದ್ದ, ಇವನ ಪಕ್ಕದ ಯಂತ್ರದಲ್ಲೇ ಕಲ್ಲು ಕೊಯ್ಯುತ್ತಿದ್ದ. ಭಾವ ಹೇಳಿದ ಮೇಲೆ ಅವನೂ ಪೈಪು ಕಿತ್ತ. ಕೆಲವು ವರ್ಷಗಳಲ್ಲಿ ಕೆಮ್ಮು ಶುರುವಾಯಿತು. ಮನೆ ಮೂರನೇ ಮಹಡಿಯಲ್ಲಿ. ಬಾಮೈದ ಮೆಟ್ಟಿಲ ತಿರುವಿನಲ್ಲಿ ನಿಂತು, ಬಗ್ಗಿ, ಸರಿಯಾಗೇ ಇರುವ ಚಪ್ಪಲಿಯ ಪಟ್ಟಿಯನ್ನು ಮತ್ತೆ ಸರಿಮಾಡಿಕೊಳ್ಳುತ್ತಿದ್ದ. ತಿದಿ ಎರಡೆರಡು ಮೆಟ್ಟಿಲು ಹಾರಿ ದಾಟಿಹೋಗಿ, ಮೇಲಿನಿಂದ ಬಗ್ಗಿ, ಹೊಸ ಚಪ್ಪಲಿ ಕೊಡಿಸಲೇನೋ ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಹಂಗಿಸುತ್ತಿದ್ದ.

ಹೆಂಡತಿಗೆ ಮಾತ್ರ ನಗು ಬರುತ್ತಿರಲಿಲ್ಲ. ಇಬ್ಬರ ಬಟ್ಟೆ ಒಗೆಯುತ್ತಿದ್ದವಳು ಅವಳು. ನೆನೆಸಿದ ಬಕೆಟ್ಟಿನ ತಳದಲ್ಲಿ ಬಿಳಿ ಗಸಿ ಕೂರುತ್ತಿತ್ತು, ಮರೆತು ಬಿಟ್ಟರೆ ಒಣಗಿ ಬಿಲ್ಲೆಯಾಗಿ, ಚಾಕು ಹಾಕಿ ಕೆರೆದರೂ ಏಳುತ್ತಿರಲಿಲ್ಲ. ಬಕೆಟ್ಟೇ ಹೀಗಾದರೆ ಮನುಷ್ಯರ ಎದೆ ಏನಾಗಬೇಕು ಎಂದು ಅವಳು ಒಮ್ಮೆ ಕೇಳಿದಳು. ಬಕೆಟ್ಟು ಕೆಮ್ಮುವುದಿಲ್ಲವಲ್ಲ ಎಂದು ತಿದಿ ತಮಾಷೆ ಮಾಡಿದ. ತನ್ನ ತಮಾಷೆಗೆ ತಾನೇ ನಗುವ ಚಾಳಿಯೂ ಅವನಿಗಿತ್ತು.

ಮಗಳ ಹುಟ್ಟುಹಬ್ಬಕ್ಕೆ ಬಲೂನು ತಂದಿದ್ದರು. ಹುಡುಗಿ ಒಂದನ್ನು ಮಾವನ ಕೈಗೆ ಕೊಟ್ಟಳು. ಬಾಮೈದ ಕೆನ್ನೆ ಉಬ್ಬಿಸಿದ, ಕಣ್ಣು ಕೆಂಪಾಯಿತು, ಬಲೂನು ಹೆಬ್ಬೆಟ್ಟಿನಷ್ಟಾಗಿ ಮತ್ತೆ ಸೊರಗಿತು. ಆಮೇಲೆ ಹಿಡಿದ ಕೆಮ್ಮಿಗೆ ಗೋಡೆ ಹಿಡಿದು ಕೂತ. ತಿದಿ ಬಲೂನನ್ನು ಕಿತ್ತುಕೊಂಡು ಒಂದೇ ಉಸಿರಿಗೆ ಊದಿ, ಗಂಡಸಿನ ಎದೆ ಅಂದರೆ ಹೀಗಿರಬೇಕು ಎಂದು ಮಗಳಿಗೆ ಪಾಠ ಹೇಳಿದ. ಹೆಂಡತಿ ತಮ್ಮನ ಬೆನ್ನು ನೀವುತ್ತಿದ್ದಳು.

ಅದೇ ವಾರ ವ್ಯಾನು ಬಂತು. ಹಿಂದಿನ ವರ್ಷವೂ ಬಾಮೈದನ ಚೀಟಿಗೆ ತಿದಿಯೇ ಊದಿದ್ದ. ಈ ಸಲ ಬಾಮೈದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತ.

"ಭಾವ, ಈ ಸಲ ನಾನೇ ಊದ್ತೀನಿ," ಎಂದ. "ಪ್ಯಾಕಿಂಗ್‌ಗೆ ಹಾಕಿದ್ರೂ ಪರವಾಗಿಲ್ಲ. ನಂಗೆ ಆಗ್ತಿಲ್ಲ."

"ನನ್ನ ಹೆಂಡ್ತಿ ತಮ್ಮ ಬಾಣಂತಿ ಕೋಣೇಲಿ ಕೂತ್ರೆ ನಾನು ಮುಖ ಎಲ್ಲಿಟ್ಕೊಳ್ಲಿ?" ಎಂದ ತಿದಿ. "ಕೊಡು ಇಲ್ಲಿ."

ಒಬ್ಬ ಮನುಷ್ಯ ಉಳಿಯುವ ದಾರಿ ಆ ಮುಷ್ಟಿಯಲ್ಲಿತ್ತು. ತಿದಿ ಬೆರಳು ಬಿಡಿಸಿ ಅದನ್ನು ಕಿತ್ತುಕೊಂಡ. ಒಳಗೆ ಹೋಗಿ ಊದಿದ. ಮೇಡಂ ಅಂಕಿ ನೋಡಿ ಹುಬ್ಬೇರಿಸಿ, ಶೆಡ್ಡಿನಲ್ಲಿ ಇಷ್ಟು ಒಳ್ಳೆಯ ಉಸಿರು ಅಪರೂಪ ಎಂದಳಂತೆ. ಆ ಮಾತನ್ನು ತಿದಿ ಶೆಡ್ಡಿನಲ್ಲೂ ಮನೆಯಲ್ಲೂ ವಾರವಿಡೀ ಹೇಳಿಕೊಂಡು ತಿರುಗಿದ. ಬಾಮೈದ ತನ್ನ ಯಂತ್ರಕ್ಕೆ ಹಿಂತಿರುಗಿ, ಬಿಳಿ ಮೋಡದೊಳಗೆ ನಿಂತು, ಇನ್ನೂ ಒಂದು ವರ್ಷ ಕೊಯ್ದ.

ಮುಂದಿನ ವ್ಯಾನು ಬರುವಷ್ಟರಲ್ಲಿ ಅವನಿಗೆ ಸ್ನಾನ ಮಾಡಿದರೂ ಏದುಸಿರು ಬರುತ್ತಿತ್ತು. ಹೆಂಡತಿ ಗಂಡನ ಮಾತಿಗೆ ಸೊಪ್ಪು ಹಾಕದೆ ತಮ್ಮನನ್ನು ದೊಡ್ಡಾಸ್ಪತ್ರೆಗೆ ಹೊರಡಿಸಿದಳು. ಹೋದ ವರ್ಷ ವ್ಯಾನಿನವರು ಅವನ ಉಸಿರಿನ ಅಳತೆ ಬರೆದು ಕೊಟ್ಟಿದ್ದ ಕಾಗದವನ್ನೂ ಜೋಪಾನವಾಗಿ ತಂದಿದ್ದಳು. ತಿದಿಯೂ ಹಿಂದೆ ಬಂದ, ಡಾಕ್ಟರು ಏನೂ ಇಲ್ಲ ಎಂದಾಗ ನಗಬೇಕಲ್ಲ.

ವಯಸ್ಸಾದ ಡಾಕ್ಟರು ಎದೆಯ ಎಕ್ಸ್‌ರೇ ಚಿತ್ರ ತೆಗೆಸಿದರು, ನಳಿಕೆ ಊದಿಸಿದರು. ಬಂದ ಅಂಕಿಯನ್ನೂ ಕಾಗದದ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ಎರಡೆರಡು ಸಲ ಹೋಲಿಸಿ ನೋಡಿದರು. ಚಿತ್ರ ನೋಡಿದರೆ ಕಲ್ಲಿನ ಪುಡಿಯ ಕೆಲಸ ಅನ್ನಿಸುತ್ತದೆ, ಆದರೆ ಇಷ್ಟು ಚೆನ್ನಾಗಿದ್ದ ಉಸಿರು ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂದಿದೆ ಅಂದರೆ ಬೇರೇನೋ ಕೆಟ್ಟ ಕಾಯಿಲೆಯಿರಬೇಕು ಎಂದರು. ಪಕ್ಕೆಲುಬಿನ ಸಂದಿಯಿಂದ ಸೂಜಿ ಹಾಕಿ ಶ್ವಾಸಕೋಶದ ಚೂರು ತೆಗೆದು ನೋಡಬೇಕು. ಇವನ ಸ್ಥಿತಿಯಲ್ಲಿ ಅದು ಅಪಾಯ. ಒಳಗೆ ಗಾಳಿ ಸೋರಿದರೆ ಉಸಿರು ನಿಂತೇಹೋಗಬಹುದು. ಕಾಗದದ ಅಂಕಿ ನಿಜವಾಗಿದ್ದರೆ ಬೇರೆ ದಾರಿಯಿಲ್ಲ.

ಬಾಮೈದ ನೆಲ ನೋಡಿದ. ತಿದಿ ಗೋಡೆ ನೋಡಿದ. ಒಂದು ಮಾತು ಆಡಿದರೆ ಸಾಕು, ಸೂಜಿ ಬೇಕಾಗುವುದಿಲ್ಲ. ಆದರೆ ಆ ಮಾತಿನಿಂದ ಕೆಲಸ ಹೋಗಬಹುದು, ಹೆಸರಂತೂ ಹೋಗುತ್ತದೆ. ಸೂಜಿ ತಾನೇ, ದಿನಾ ಎಷ್ಟು ಜನಕ್ಕೆ ಚುಚ್ಚುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಸಮಾಧಾನ ಹೇಳಿಕೊಂಡ. ಇಷ್ಟು ದೊಡ್ಡ ಎದೆಯೊಳಗೆ ಇಷ್ಟು ಚಿಕ್ಕ ಮನುಷ್ಯ ಕೂತಿದ್ದ.

"ಚುಚ್ಚಿಬಿಡಿ ಡಾಕ್ಟ್ರೇ," ಎಂದ ಬಾಮೈದ. ಭಾವನ ಮರ್ಯಾದೆ ಉಳಿಸಲು ಅವನು ಸಾಯಲೂ ತಯಾರಾಗಿದ್ದ.

ಹೆಂಡತಿ ತಮ್ಮನನ್ನು ನೋಡಿದಳು, ಗಂಡನನ್ನು ನೋಡಿದಳು, ಕಾಗದದ ಮೇಲಿನ ತಾರೀಕನ್ನು ನೋಡಿದಳು. ಅದು ಹೋದ ವರ್ಷದ, ಮಗಳ ಹುಟ್ಟುಹಬ್ಬದ ವಾರ.

"ಆ ವಾರ ಇವನಿಗೆ ಒಂದು ಬಲೂನು ಊದಕ್ಕಾಗಿರ್ಲಿಲ್ಲ," ಎಂದಳು. "ಇದು ಇವನ ಉಸಿರಲ್ಲ ಡಾಕ್ಟ್ರೇ. ನಮ್ಮನೆಯವರದು."

ಡಾಕ್ಟರು ಬೈಯಲಿಲ್ಲ. ಯಂತ್ರಕ್ಕೆ ಹೊಸ ನಳಿಕೆ ಸಿಕ್ಕಿಸಿ ತಿದಿಯ ಕಡೆ ಚಾಚಿದರು. ತೊಳೆದ ಮುಖದಲ್ಲಿ, ತನ್ನ ಹೆಸರಿನಲ್ಲಿ, ಮೂವರ ಎದುರಿಗೆ ಅವನು ಊದಿದ. ಪರದೆಯ ಮೇಲಿನ ಗೆರೆ ಮೇಲಕ್ಕೆ ಹತ್ತಿತು. ಕಾಗದದ ಅಂಕಿಯೂ ಪರದೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ. ಸೂಜಿ ಸದ್ಯಕ್ಕೆ ಬೇಡ, ಇದು ಪುಡಿಯದೇ ಕೆಲಸ ಎಂದರು ಡಾಕ್ಟರು. ಕೆಮ್ಮು ಶುರುವಾದ ವರ್ಷವೇ ಧೂಳು ಬಿಟ್ಟಿದ್ದರೆ ಎಷ್ಟೋ ಉಳಿಯುತ್ತಿತ್ತು. ಹೋದದ್ದು ಇನ್ನು ಬರುವುದಿಲ್ಲ, ಉಳಿದದ್ದನ್ನು ಹಿಡಿದಿಟ್ಟುಕೊಳ್ಳಲು ನೋಡಬೇಕು. ಚೆನ್ನಾಗಿ ಊದಿದ ಮಾತ್ರಕ್ಕೆ ಒಳಗೆ ಏನೂ ಕೂತಿಲ್ಲ ಅಂತಲ್ಲ, ನೀವೂ ಚಿತ್ರ ತೆಗೆಸಿ ಎಂದು ತಿದಿಗೂ ಹೇಳಿದರು. ಅಷ್ಟು ಚೆನ್ನಾಗಿ ಊದಿದ್ದಕ್ಕೆ ಯಾರೂ ಹುಬ್ಬೇರಿಸಲಿಲ್ಲ.

ಹೊರಗೆ ಬಂದ ಮೇಲೆ ಹೆಂಡತಿ ಒಂದೇ ಮಾತು ಆಡಿದಳು.

"ಅವನ ಹೆಸರಲ್ಲಿ ಊದಿದ್ರಲ್ಲ, ಈಗ ಅವನಿಗೆ ಊದಿ ಕೊಡಿ."

ಮನೆಗೆ ಬಂದರು. ಹೆಂಡತಿ ಬಾಗಿಲು ತೆಗೆಯಲು ಮುಂದೆ ಹೋದಳು. ಬಾಮೈದ ಮೊದಲ ತಿರುವಿನಲ್ಲಿ ನಿಂತು ಮೆಟ್ಟಿಲ ಕಂಬಿ ಹಿಡಿದುಕೊಂಡ. ಈಗ ಚಪ್ಪಲಿಯ ನೆಪವೂ ಬೇಕಿರಲಿಲ್ಲ, ಬಗ್ಗಿದರೆ ಏಳಲು ಆಗುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯನ್ನು ಎಳೆದುಕೊಳ್ಳುತ್ತಾ, ಸುಧಾರಿಸಿಕೊಂಡು, ಹಿಂದೆ ನಿಂತವನಿಗೆ ದಾರಿ ಬಿಟ್ಟು ಗೋಡೆಗೆ ಒರಗಿದ.

"ನೀವು ಹೋಗಿ ಭಾವ. ನಂಗೆ ತಡ ಆಗುತ್ತೆ."

ತಿದಿ ಹೋಗಲಿಲ್ಲ. ಏನು ಮಾಡಬೇಕೆಂದೂ ತಿಳಿಯಲಿಲ್ಲ. ಅಲ್ಲೇ, ಒಂದು ಮೆಟ್ಟಿಲು ಕೆಳಗೆ, ಕೈ ಜೋತುಬಿಟ್ಟುಕೊಂಡು ನಿಂತ. ಅವನ ಉಸಿರು ಮಾತ್ರ ನಾಚಿಕೆಯಿಲ್ಲದೆ, ಯಾವ ಏರುಪೇರೂ ಇಲ್ಲದೆ ಆಡುತ್ತಿತ್ತು.