ಮೆಕಾಂಗ್ ದಡದ ಊಟ

ನನ್ನ ಹೆಂಡತಿ ಅಜ್ಜಂಪುರದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು. ಕಡೂರಿನ ನಮ್ಮ ಮನೆಯಿಂದ ದಿನಾ ರೈಲಿನಲ್ಲಿ ಹೋಗಿ ಬರುವುದು. ನಾನು ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದೆ. ನಮಗೆ ಮಕ್ಕಳಿಲ್ಲ. ರಿಟೈರ್ ಆದ ಮೇಲೆ ಅವಳು ಒಂದೇ ಹಟ ಹಿಡಿದಳು: ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆಕಾಂಗ್ ನದಿಯನ್ನು ಕಣ್ಣಾರೆ ನೋಡಬೇಕು. ಮೊದಲು ವಿಯೆಟ್ನಾಂ, ಆಮೇಲೆ ಕಾಂಬೋಡಿಯಾ, ಕೊನೆಗೆ ಥಾಯ್ಲೆಂಡ್.

"ಮುಂದಿನ ವರ್ಷ ಹೋದ್ರಾಯ್ತು" ಅಂದೆ.

"ಇಲ್ಲ ಕಣ್ರೀ, ಈ ವರ್ಷವೇ" ಅಂದಳು.

ನಾವಿಬ್ಬರೂ ಹುಟ್ಟಿದಾಗಿನಿಂದ ಮೀನು, ಮಾಂಸ ಮುಟ್ಟಿದವರಲ್ಲ. ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುವ ಟೂರಿಗೆ ಸೇರೋಣ ಎಂದರೆ ಅವಳು ನಕ್ಕುಬಿಟ್ಟಳು. "ಅನ್ನ ಸಾರು ತಿನ್ನೋಕೆ ಅಷ್ಟು ದೂರ ಹೋಗ್ಬೇಕಾ? ಕಡೂರಲ್ಲೇ ಯಾರ್ದಾದ್ರೂ ಮದುವೆಗೆ ಹೋದ್ರೆ ಸಾಕಲ್ಲ!" ಆ ದೇಶಗಳ ಒಳಗೆ ಓಡಾಡಲು ವಿಮಾನವೂ ಬೇಡ, ರೈಲು ಬಸ್ಸಿನಲ್ಲೇ ಹೋಗಬೇಕು, ಮೇಲಿಂದ ನೋಡಿದರೆ ಬರೀ ಮೋಡ ಅಂದಳು. ತರೀಕೆರೆಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿ ಚಟ್ನಿಪುಡಿ, ಹುರಿಹಿಟ್ಟು ಮಾಡಿಸಿಕೊಂಡು ಬಂದಳು. "ಎಲ್ಲೂ ಏನೂ ಸಿಗದಿದ್ರೆ ಮಾತ್ರ ಇದನ್ನ ಬಿಚ್ಚೋದು" ಎಂದು ನನಗೆ ತಾಕೀತು ಮಾಡಿದಳು.

ಮೊದಲ ಎರಡು ವಾರ ಅವಳಷ್ಟು ಖುಷಿಯಾಗಿದ್ದವರು ಯಾರೂ ಇರಲಿಲ್ಲ. ವಿಯೆಟ್ನಾಂನಲ್ಲಿ ಸಸ್ಯಾಹಾರಕ್ಕೆ 'ಚಾಯ್' ಅನ್ನುತ್ತಾರೆ. ಇವಳು ಹೋಟೆಲಿನ ಬಾಗಿಲಲ್ಲೇ ನಿಂತು "ಚಾಯ್, ಚಾಯ್" ಎಂದು ಕೈಯಾಡಿಸಿ ಕೇಳುವುದನ್ನು ನೋಡಿ, ರೈಲಿನಲ್ಲಿ ಟೀ ಮಾರುವವರ ಹಾಗೆ ಕೂಗ್ತೀಯಲ್ಲೇ ಎಂದು ರೇಗಿಸುತ್ತಿದ್ದೆ. ಟೊಮೆಟೊ ರಸದಲ್ಲಿ ಬೇಯಿಸಿದ ಸೋಯಾ ಪನೀರು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಅಂಟು ಅನ್ನ, ತೆಂಗಿನಹಾಲು. ಹೊಸದನ್ನು ಮೊದಲು ಬಾಯಿಗಿಡುವವಳು ಅವಳೇ. ನಾನು ಅವಳ ಮುಖ ನೋಡಿಕೊಂಡು ಆಮೇಲೆ ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ದಕ್ಷಿಣಕ್ಕೆ ಹೋಗುವ ರೈಲಿನಲ್ಲಿದ್ದೆವು. ಹಳಿಯ ಪಕ್ಕದಲ್ಲೇ ಸಮುದ್ರ. ತೂಕಡಿಸುತ್ತಿದ್ದವಳು ಎದ್ದು ಬ್ಯಾಗು ತೆಗೆದುಕೊಂಡಳು.

"ಬೀರೂರು ಬಂತೇನ್ರೀ?"

ಬೀರೂರು ಕಡೂರಿನ ಪಕ್ಕದ ಸ್ಟೇಷನ್ನು. ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಕಿಟಕಿಯಾಚೆ ತುಂಬ ಹೊತ್ತು ನೋಡಿ, "ಅಯ್ಯನಕೆರೆ ಕೋಡಿ ಬಿದ್ದಿದೆಯಾ? ಎಷ್ಟು ನೀರು ನೋಡ್ರೀ!" ಅಂದಳು.

ಮಕ್ಕಳಿಗೆ ಸಾಗರಗಳ ಹೆಸರು ಬಾಯಿಪಾಠ ಮಾಡಿಸಿದವಳು ಅವಳು. "ಇನ್ನೂ ದೂರ ಇದೆ, ಕೂತ್ಕೋ" ಎಂದು ಬ್ಯಾಗು ಇಸಿದುಕೊಂಡೆ. ಸ್ವಲ್ಪ ಹೊತ್ತಿಗೆ ಸರಿಯಾದಳು. ಪ್ರಯಾಣದ ಆಯಾಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವಳ ನದಿಯನ್ನು ತಲುಪಿದ ದಿನ ದಡದ ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ಎದುರಿಗೆ ಕೆಂಪು ನೀರು, ಹಣ್ಣು ತುಂಬಿದ ದೋಣಿಗಳು. ಅವಳು ನೋಡುತ್ತಲೇ ಇದ್ದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳ ಮುಂದೆ ತಟ್ಟೆ ಬಂದಿತ್ತು. ಪಕ್ಕದ ಮೇಜಿನವರು ತಿನ್ನುತ್ತಿದ್ದುದನ್ನು ಬೊಟ್ಟು ಮಾಡಿ ತೋರಿಸಿ ತರಿಸಿಕೊಂಡಿದ್ದಳು. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಮೀನು. ಅರ್ಧ ಖಾಲಿಯಾಗಿತ್ತು.

"ಪತ್ರೊಡೆ ಥರಾನೇ ಇದೆ ಕಣ್ರೀ, ಎಷ್ಟು ಮೆತ್ತಗಿದೆ!" ಎಂದು ಒಂದು ತುಂಡು ಮುರಿದು ನನ್ನ ಬಾಯಿಯ ಹತ್ತಿರ ಹಿಡಿದಳು. ಮುಖದಲ್ಲಿ ಅದೇ ಹಳೆಯ ಖುಷಿ.

ತಟ್ಟೆ ಎಳೆದುಕೊಳ್ಳಬಹುದಿತ್ತು. ಇದು ಮೀನು ಕಣೇ ಅನ್ನಬಹುದಿತ್ತು. ಅಂದರೆ ಆ ಮುಖ ಏನಾಗುತ್ತದೆ ಎಂದು ಯೋಚಿಸಿದೆ. ಬಾಯಿ ತೆರೆದೆ. ಅವಳೊಬ್ಬಳನ್ನೇ ಆ ಕಡೆ ಬಿಟ್ಟು ನಾನು ಈ ಕಡೆ ನಿಲ್ಲಲು ನನ್ನಿಂದ ಆಗಲಿಲ್ಲ.

"ಚೆನ್ನಾಗಿದೆಯಾ?"

"ಚೆನ್ನಾಗಿದೆ" ಅಂದೆ.

ಮರುದಿನ ಬೆಳಿಗ್ಗೆ ಕಾಂಬೋಡಿಯಾಕ್ಕೆ ಹೋಗುವ ದೋಣಿಯ ವಿಚಾರ ಕೇಳಿದಳು. ಬೇಡ, ಊರಿಗೆ ಹೋಗೋಣ ಅಂದೆ. ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. ಆಡಲಿಲ್ಲ. ಮಂಚದ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು.

"ನಂಗೇನೋ ಆಗ್ತಿದೆ. ರಿಟೈರ್ ಆಗೋಕೆ ಮುಂಚಿಂದ್ಲೂ ಗೊತ್ತಿತ್ತು. ಕ್ಲಾಸಲ್ಲಿ ನಿಂತು ಏನು ಹೇಳ್ಬೇಕಂತ ಮರ್ತೋಗ್ತಿತ್ತು. ಅದಕ್ಕೇ ಬೇಗ ಹೋಗೋಣ ಅಂದಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕರ್ಕೊಂಡು ಬರ್ತಿದ್ರಾ?"

ಅವಳ ಪಕ್ಕದಲ್ಲಿ ಕೂತು ಅತ್ತೆ. ಅವಳೇ ನನ್ನ ಬೆನ್ನು ಸವರಿದಳು.

ವಾಪಸ್ ಬರುವಾಗ ವಿಮಾನದ ಹುಡುಗಿ ಊಟಕ್ಕೆ ಯಾವುದು ಬೇಕು ಎಂದು ಕೇಳಿದಳು. ನನ್ನವಳು ತಿರುಗಿ ನನ್ನ ಮುಖ ನೋಡಿದಳು. ಅವಳ ಪರವಾಗಿ ನಾನೇ ಉತ್ತರ ಹೇಳಿದೆ. ಅಂದಿನಿಂದ ಎಲ್ಲದಕ್ಕೂ ನಾನೇ ಹೇಳುತ್ತಿದ್ದೇನೆ.

ಶಿವಮೊಗ್ಗದ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಇದು ವಾಸಿಯಾಗುವಂಥದ್ದಲ್ಲ ಎಂದೂ ಹೇಳಿದರು. ಅಂಗಡಿ ಮುಚ್ಚಿದೆ, ಅಡುಗೆ ಕಲಿತೆ. ಭಾನುವಾರ ತರೀಕೆರೆಯಿಂದ ತಂಗಿ ಬಂದು ತಲೆಗೆ ನೀರು ಹಾಕಿ ಹೋಗುತ್ತಾಳೆ. ಹೋದ ಪ್ರವಾಸದ ಫೋಟೋ ತೋರಿಸಿದರೆ ಇವಳು, "ಇವ್ರು ಯಾರೋ ಬಹಳ ಸುತ್ತಿದಾರೆ" ಅನ್ನುತ್ತಾಳೆ.

ಮೊನ್ನೆ ಮಧ್ಯಾಹ್ನ ಅವಳಿಗೆ ಉಣ್ಣಿಸುತ್ತಿದ್ದೆ. ನಾಲ್ಕು ತುತ್ತು ತಿಂದು ನನ್ನ ಕೈ ಮೆಲ್ಲಗೆ ತಡೆದಳು. ಪರಿಚಯವಿಲ್ಲದವರ ಜೊತೆ ಮಾತಾಡುವ ಮರ್ಯಾದೆಯ ದನಿಯಲ್ಲಿ, "ಹೊತ್ತಾಯ್ತು, ನೀವು ಹೊರಡಿ. ಮನೇಲಿ ನಿಮ್ಮೋರು ಊಟಕ್ಕೆ ಕಾಯ್ತಿರ್ತಾರೆ" ಅಂದಳು.

"ಆಯ್ತಮ್ಮ, ಬರ್ತೀನಿ" ಎಂದು ಎದ್ದು ಹೊರಗೆ ಹೋದೆ. ಜಗಲಿಯ ಮೇಲೆ ಎಂಜಲು ಕೈಯಲ್ಲೇ ಕೂತಿದ್ದೆ. ಕೈ ಒಣಗಿತು. ಆಮೇಲೆ ಒಳಗೆ ಬಂದು ಅವಳ ತಟ್ಟೆಯಲ್ಲಿ ಮಿಕ್ಕ ಅನ್ನಕ್ಕೆ ಮೊಸರು ಕಲಸಿದೆ.