ಐತವಾರದ ಪಾಳಿ

ಯೋನಪ್ಪನ ಹೆಸರು ಕಾಲುವೆಯವರ ಹಾಜರಿ ಪುಸ್ತಕದಲ್ಲಿ ಮೋನಪ್ಪ ಎಂದಿತ್ತು. ಬರೆದುಕೊಂಡ ಗುಮಾಸ್ತನ ಕಿವಿಗೆ ಹಾಗೇ ಬಿದ್ದಿತ್ತು. ಆ ಸೀಮೆಯಲ್ಲಿ ಓಣಿಗೊಬ್ಬ ಮೋನಪ್ಪ ಸಿಗುತ್ತಾನೆ. ಯೋನಪ್ಪ ಎಂಬ ಹೆಸರು ಕೇರಿಯ ಹದಿನಾಲ್ಕು ಕ್ರೈಸ್ತ ಮನೆಗಳನ್ನು ದಾಟಿದರೆ ಯಾರಿಗೂ ಗೊತ್ತಿಲ್ಲ. ಅವನೂ ತಿದ್ದಿಸಲು ಹೋಗಲಿಲ್ಲ. ಕೆಲಸ ಸಿಕ್ಕಿದ್ದೇ ದೊಡ್ಡದು.

ಕೆಲಸವೆಂದರೆ ಉಪಕಾಲುವೆಯ ಗೇಟು ಕಾಯುವುದು. ಗೋಗಿಯಿಂದ ಎರಡು ಹರದಾರಿ ಆಚೆಯ ಆ ಊರಿಗೆ ನೀರು ಬಂದು ಆಗ ಐದಾರು ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದವರೆಲ್ಲ ಭತ್ತಕ್ಕೆ ಇಳಿದಿದ್ದರು. ನೀರು ಮಾತ್ರ ಎಲ್ಲರಿಗೂ ಸಾಲುತ್ತಿರಲಿಲ್ಲ. ಮೇಲಿನ ಹೊಲದವರು ಕುಡಿದು ಬಿಟ್ಟಿದ್ದು ಕೆಳಗಿನವರಿಗೆ. ಕಡೆಗೆ ಊರ ಹಿರಿಯರು ಕೂತು ಪಾಳಿ ಕಟ್ಟಿದರು: ಸೋಮವಾರದಿಂದ ಶನಿವಾರದವರೆಗೆ ಮೇಲಿನವರಿಗೆ, ಐತವಾರ ಬೆಳಗಿನಿಂದ ಸಂಜೆಯವರೆಗೆ ಕಾಲುವೆಯ ತುದಿಯವರಿಗೆ. ಆ ಒಂದು ಹಗಲು ಗೇಟಿನ ಬಳಿ ಆಳು ನಿಲ್ಲದಿದ್ದರೆ ತುದಿಗೆ ಹನಿಯೂ ಮುಟ್ಟುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಹೀಗೆ ಯೋನಪ್ಪನ ಐತವಾರ ಅವನ ಕೈಬಿಟ್ಟು ಹೋಯಿತು.

ಅದಕ್ಕೂ ಮೊದಲು ಅವನು ಚರ್ಚಿನಲ್ಲಿ ಡೋಲಕ್ ಬಾರಿಸುತ್ತಿದ್ದ. ಕೇರಿಯ ತುದಿಯಲ್ಲಿ ಹಂಚು ಹೊದೆಸಿದ ಸಣ್ಣ ಚರ್ಚು. ಶಹಾಪುರದಿಂದ ಪಾದ್ರಿ ಅಯ್ಯನವರು ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಯೋನಪ್ಪನ ಕೈ ಬಿದ್ದರೆ ಮುದುಕಿಯರೂ ಕೂತಲ್ಲೇ ತೂಗುತ್ತಿದ್ದರು. ಈಗ ಗಂಟೆ ಬಾರಿಸಿದ ಸದ್ದು ಹೊಲಗಳ ಮೇಲಿಂದ ಹಾದು ಗೇಟಿನವರೆಗೆ ಬರುತ್ತಿತ್ತು. ಅವನು ತಲೆಯ ಟಾವೆಲ್ ತೆಗೆದು ಗೇಟಿನ ಕಟ್ಟೆಯ ಮೇಲೆ ಕೂತು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ಆದರೆ ಬಾಯಲ್ಲಿ ಮಾತು ಮೂಡುವ ಮೊದಲೇ, ಮೇಲಿನ ತೂಬಿನ ಬಳಿ ಯಾರೋ ಕಲ್ಲು ಸರಿಸಿದಂತಾಗಿ ಕಣ್ಣು ತೆರೆದುಬಿಡುತ್ತಿತ್ತು.

ಮೊದಲ ವರ್ಷ ಚರ್ಚಿನ ಸಭೆಯವರು ಏನೂ ಅನ್ನಲಿಲ್ಲ. ಎರಡನೇ ವರ್ಷ ಸಭೆಯ ಹಿರಿಯ ಸಮುವೇಲಪ್ಪ ಕಟ್ಟೆಯವರೆಗೆ ನಡೆದು ಬಂದ. ಅವನು ಕೆಟ್ಟವನಲ್ಲ; ಕಾಲುವೆಯ ಕೆಳಗೆ ಅವನಿಗೆ ಅಂಗೈ ಅಗಲ ಹೊಲವೂ ಇರಲಿಲ್ಲ. ಯಾರ ಮನೆಯಲ್ಲಿ ಜಡ್ಡು ಬಿದ್ದರೂ ಮೊದಲು ಹೋಗಿ ಕೂಡುತ್ತಿದ್ದವನು ಅವನೇ.

"ತಮ್ಮಾ, ಒಂದೇ ಎತ್ತಿನಿಂದ ಗಳೇ ಹೂಡಾಕ ಆಗ್ತದೇನು?" ಎಂದ. "ನೀ ಇಲ್ಲೇ ಕುಂತು ದೇವರ ನೆನಿತೀನಿ ಅಂತಿ. ನೆನಿ, ಯಾರು ಬ್ಯಾಡಂದ್ರು? ಆದರ ಸಭಿಗಿ ಬರದವ ಕ್ರಿಸ್ತಾನ ಹೆಂಗಾಗ್ತಾನ?"

"ಬಿಟ್ಟು ಬಂದ್ರ ತುದಿಯವರ ನೆಲ್ಲು ಒಣಗ್ತದಣ್ಣ."

"ಬ್ಯಾರೆ ಯಾರನ್ನರ ನಿಂದ್ರಸು."

"ಬ್ಯಾರೆಯವ್ರು ನಿಂದ್ರಂಗಿಲ್ಲ. ನಿಂತ್ರೂ ಮ್ಯಾಗಿನವ್ರ ಮುಂದ ಬಾಯಿ ಬಿಡಂಗಿಲ್ಲ."

ಮಾತು ಸುಳ್ಳಾಗಿರಲಿಲ್ಲ. ಆದರೂ ಸಮುವೇಲಪ್ಪ ಹೋದ ಮೇಲೆ ಯೋನಪ್ಪನಿಗೆ ತಾನು ನೆವ ಹೇಳಿದಂತೆ ಅನ್ನಿಸಿತು. ತಾನು ಮನಸ್ಸು ಮಾಡಿದ್ದರೆ ತಿಂಗಳಿಗೊಮ್ಮೆಯಾದರೂ ದಾರಿ ಸಿಗುತ್ತಿರಲಿಲ್ಲವೇ?

ಆ ಪ್ರಶ್ನೆ ಮುಳ್ಳಿನಂತೆ ಒಳಗೆ ಮುರಿದದ್ದು ಸಮುವೇಲಪ್ಪನ ಹೆಂಡತಿ ತೀರಿದಾಗ. ಶನಿವಾರ ಸಂಜೆ ಹೋದಳು. ಐತವಾರ ಆರಾಧನೆ ಮುಗಿಸಿ ಮಣ್ಣು ಮಾಡಿದರು. ಯೋನಪ್ಪ ಸಂಜೆ ಗೇಟು ಇಳಿಸಿ ಓಡಿ ಬಂದಾಗ ಕುಣಿ ಮುಚ್ಚಿಯಾಗಿತ್ತು. ಸಮುವೇಲಪ್ಪ ಮಣ್ಣಿನ ಪಕ್ಕ ಕೂತಿದ್ದ. ತಲೆ ಎತ್ತಲಿಲ್ಲ.

"ನಿಮ್ಮಪ್ಪನ್ನ ಹೊತ್ತವ್ರು ನಾವು," ಎಂದ. "ಸಭಿ ಅಂದ್ರ ನೀ ಏನಂತ ತಿಳದಿ, ಹಂಚು, ಗ್ವಾಡಿ? ಸಭಿ ಅಂದ್ರ ನಾವೋ ಯಪ್ಪಾ."

ಯೋನಪ್ಪ ಕುಣಿಯ ಪಕ್ಕ ಕುಕ್ಕರಿಸಿದ. ಒಂದು ಹಿಡಿ ಮಣ್ಣು ಹಾಕಿ ಎದ್ದು ಬಂದ.

ನಾಲ್ಕು ವರ್ಷದ ಮೇಲೆ ಮಗಳು ರೂತಮ್ಮನಿಗೆ ಗುರುಮಠಕಲ್ ಕಡೆಯ ವರ ಕೂಡಿಬಂದ. ಗಂಡಿನ ಕಡೆಯವರು ಸಭೆಯ ಪತ್ರ ಕೇಳಿದರು: ಹುಡುಗಿಯ ಮನೆ ಸಭೆಯಲ್ಲಿದೆ ಎಂದು ಪಾದ್ರಿಗಳ ಸಹಿ ಬೇಕು. ಹೊಸದಾಗಿ ಬಂದಿದ್ದ ಪಾದ್ರಿ ಅಯ್ಯನವರು ಸಭೆಯ ಪುಸ್ತಕ ತೆಗೆದು ನೋಡಿದರು. ತಾಯಿ ಮಾರ್ತಮ್ಮನ ಹೆಸರಿತ್ತು, ಮಗಳದಿತ್ತು. ಯೋನಪ್ಪನ ಹೆಸರಿನ ಮೇಲೆ ಗೆರೆ ಎಳೆದಿತ್ತು.

"ನಾ ಎಳೆದದ್ದಲ್ಲ, ಹಿಂದಿನವರ ಕಾಲದ್ದು," ಎಂದರು ಅಯ್ಯನವರು, ತುಸು ಸಂಕೋಚದಿಂದ. "ಮೂರು ಐತವಾರ ಮದುವೆಯ ಪ್ರಕಟಣೆ ಓದ್ತೀವಿ. ಒಂದು ವಾರನಾದರೂ ಹುಡುಗಿಯ ತಂದೆ ಬಂದು ಕೂಡ್ಲಿ. ಪತ್ರ ಕೊಡ್ತೀನಿ."

ಮನೆಗೆ ಬಂದು ಮಾರ್ತಮ್ಮ ಅತ್ತಳು. "ಏನ್ರಿ, ಮಂದಿ ನೆಲ್ಲಿಗಿ ಅಷ್ಟು ಮರುಗ್ತೀರಿ. ಹೊಟ್ಟಿಲೆ ಹುಟ್ಟಿದಕ್ಕ ಒಂದು ದಿನ ಇಲ್ಲೇನು?"

ರೂತಮ್ಮ ಅಳಲಿಲ್ಲ. "ಅಪ್ಪಾ, ನಿನಗ ಬರಬೇಕನಸ್ತದೋ ಇಲ್ಲೋ, ಅದನ್ನ ಹೇಳು," ಎಂದಳು. ಯೋನಪ್ಪ ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಬರಬೇಕನಿಸುತ್ತಿತ್ತು. ಭಯವೂ ಆಗುತ್ತಿತ್ತು. ಎರಡನ್ನೂ ಮಗಳಿಗೆ ಹೇಗೆ ಹೇಳುವುದು?

ಅದು ಬೇಸಿಗೆ ಭತ್ತ ತೆನೆ ಹೊರಡುವ ಹೊತ್ತು. ಐತವಾರ ಮುಂಜಾನೆ ಅವನು ಗೇಟು ಎತ್ತಿ, ಸರಪಳಿ ಸುತ್ತಿ, ದೊಡ್ಡ ಬೀಗ ಜಡಿದು ಚರ್ಚಿಗೆ ನಡೆದ. ಒಳಗೆ ಕಾಲಿಟ್ಟಾಗ ಮಂದಿ ಸರಿದು ಜಾಗ ಕೊಟ್ಟರು. ಡೋಲಕ್ ಈಗ ಬೇರೊಬ್ಬನ ತೊಡೆಯ ಮೇಲಿತ್ತು. ಪ್ರಕಟಣೆ ಓದಿದರು. ಹಾಡು ಎದ್ದಿತು. ಇಷ್ಟು ವರ್ಷ ದೂರದಿಂದ ಕೇಳಿದ ಹಾಡು ಮೈಗೆ ಇಷ್ಟು ಹತ್ತಿರ ಬಂದಾಗ ಅವನ ಬೆರಳುಗಳು ತಮ್ಮಷ್ಟಕ್ಕೇ ತೊಡೆಯ ಮೇಲೆ ತಾಳ ಹಾಕಿದವು. ತಾನು ಕಳೆದುಕೊಂಡದ್ದು ಸಣ್ಣದಲ್ಲ ಎಂದು ಅಂದೇ ಅವನಿಗೆ ಅರಿವಾದದ್ದು. ಆದರೆ ಅಯ್ಯನವರ ಉಪದೇಶದ ಪ್ರಸಂಗ ಶುರುವಾದಾಗ ಕಿವಿ ಕಾಲುವೆಯ ಕಡೆಗೇ ಹೋಯಿತು. ಒಂದು ಮಾತೂ ತಲೆಗೆ ಇಳಿಯಲಿಲ್ಲ.

ಮಧ್ಯಾಹ್ನ ಮರಳಿ ಬಂದಾಗ ಸರಪಳಿ ಕತ್ತರಿಸಿ ಬಿದ್ದಿತ್ತು. ಗೇಟು ನೆಲಕ್ಕೆ ಕೂತಿತ್ತು. ನೀರೆಲ್ಲ ಮೇಲಿನ ಹೊಲಗಳಿಗೆ ತಿರುಗಿತ್ತು. ಎತ್ತಿ ಬಿಟ್ಟರೂ ಸಂಜೆಯೊಳಗೆ ತುದಿ ಮುಟ್ಟಲಿಲ್ಲ.

ಕಾಲುವೆಯ ಕಟ್ಟಕಡೆಯ ಹೊಲ ಶರೀಫಾಬೀಯದು. ಗಂಡ ಸತ್ತ ಮೇಲೆ ಒಬ್ಬಳೇ ಮಾಡಿಸುತ್ತಿದ್ದಳು. ಹಿಂದಿನ ವಾರವೂ ಕಾಲುವೆಯಲ್ಲಿ ನೀರು ಕಡಿಮೆ ಬಂದಿತ್ತು. ಈ ಪಾಳಿಯೂ ತಪ್ಪಿ, ಬಿಸಿಲಿಗೆ ಕಾಳು ಕಟ್ಟುವ ಮೊದಲೇ ತೆನೆ ಬಿಳಿಚಿದವು. ಅರ್ಧಕ್ಕರ್ಧ ಜೊಳ್ಳು. ಯೋನಪ್ಪ ಅವಳ ಬದುವಿನ ಮೇಲೆ ಹೋಗಿ ನಿಂತ.

"ಬೈಯಿ ಚಾಚಿ," ಎಂದ. "ತಪ್ಪು ನಂದು."

ಅವಳು ತೆನೆಯೊಂದನ್ನು ಅಂಗೈಯಲ್ಲಿ ಹಿಚುಕಿ ಊದಿದಳು. ಎಲ್ಲ ಹಾರಿಹೋಯಿತು. "ನೀ ಖುದಾನ ಮನಿಗಿ ಹೋಗಿದ್ದಿ," ಎಂದಳು. "ಶೆರೆ ಅಂಗಡಿಗಿ ಹೋಗಿದ್ರ ಬೈತಿದ್ದೆ. ಇದಕ್ಕ ಏನಂತ ಬೈಲಿ ನಾ?"

ಬೈದಿದ್ದರೆ ಹಗುರಾಗುತ್ತಿದ್ದ.

ಪತ್ರ ಸಿಕ್ಕಿತು. ಮದುವೆಯಾಗಿ ರೂತಮ್ಮ ಗುರುಮಠಕಲ್ ಕಡೆ ಹೋದಳು. ಯೋನಪ್ಪ ಮತ್ತೆ ಐತವಾರ ಗೇಟಿಗೇ ನಿಂತ. ಈಗ ಯಾರೂ ಕರೆಯಲು ಬರಲಿಲ್ಲ. ಹಾಗೆ ಹದಿಮೂರು ವರ್ಷ ಕಳೆದು ಅವನ ಕೆಲಸ ಮುಗಿಯಿತು. ಅವನ ಜಾಗಕ್ಕೆ ಬೇರೊಬ್ಬ ಬಂದ. ಬಿಡುವಾದ ಮೊದಲ ಐತವಾರ ಮಾರ್ತಮ್ಮ ಮಡಿ ಅಂಗಿ ತೆಗೆದಿಟ್ಟಳು. ಗಂಟೆ ಬಾರಿಸಿತು. ಅವನು ಅಂಗಿ ತೊಟ್ಟ, ಹೊಸ್ತಿಲವರೆಗೆ ಬಂದ, ಅಲ್ಲೇ ಕೂತುಬಿಟ್ಟ.

"ಈಗೇನಾತ್ರಿ?"

"ನೀ ಹೋಗಿ ಬಾ."

ಅವಳು ಹೋದ ಮೇಲೆ ಅವನಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ಕಾಲುವೆ ಅಡ್ಡ ನಿಂತಿದೆ ಎಂದು ನಂಬಿದ್ದ. ಈಗ ಯಾವ ಅಡ್ಡಿಯೂ ಇಲ್ಲ, ಕಾಲು ಏಳುತ್ತಿಲ್ಲ. ಒಳಗೆ ಹೋಗಿ ಬೈಬಲ್ ಬಿಡಿಸಿ ಅಕ್ಷರ ಕೂಡಿಸಿ ಓದಿದ. ಪ್ರಾರ್ಥನೆಗೆ ಕೂತ. ಒಬ್ಬನೇ ಮಾಡಿದ ಪ್ರಾರ್ಥನೆ ಸ್ವಲ್ಪ ಹೊತ್ತಿನಲ್ಲೇ ತನ್ನ ತಪ್ಪು ಒಪ್ಪುಗಳ ವಾದವಾಗಿಬಿಟ್ಟಿತು. ತಾನೇ ಕೇಳುವವನು, ತಾನೇ ಹೇಳುವವನು.

ಆ ವರ್ಷ ಮಳೆಗಾಲದ ಕೊನೆಗೆ ಸಮುವೇಲಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ಐತವಾರ ಮನೆಯವರೆಲ್ಲ ಚರ್ಚಿಗೆ ಹೋದಾಗ ಮುದುಕ ಹೊರಸಿನ ಮೇಲೆ ಒಬ್ಬನೇ. ಇದು ತಿಳಿದು ಯೋನಪ್ಪ ಹೋಗಿ ಪಕ್ಕದಲ್ಲಿ ಕೂತ. ಗಂಟೆ ಕೇಳಿಸಿತು. ಸಮುವೇಲಪ್ಪನ ಕಣ್ಣಲ್ಲಿ ನೀರು ಬಂತು.

"ನಾ ಈಗ ಏನೋ ಯೋನಾ?" ಎಂದ, ಮಾತು ಎಳೆಯುತ್ತ. "ನಾನೂ ಹೋಗಾಕ ಆಗವಲ್ದು. ನಾ ಏನಾದೆ?"

"ನೀ ಆಗಲಾರ್ದಕ್ಕ ಇಲ್ಲೇ ಬಿದ್ದಿ ಅಣ್ಣ. ಬ್ಯಾಡಂದು ಬಿದ್ದಿಲ್ಲ."

"ನೀ?"

ಯೋನಪ್ಪ ಟಾವೆಲ್ಲಿನಿಂದ ಅವನ ಬಾಯಂಚು ಒರೆಸಿದ. "ನಂದು ನನಗ ತಿಳಿಯವಲ್ದು," ಎಂದ.

ಅಂದಿನಿಂದ ಪ್ರತಿ ಐತವಾರ ಹೋಗತೊಡಗಿದ. ಗಂಜಿ ಕುಡಿಸುತ್ತಿದ್ದ, ಮಗ್ಗಲು ಬದಲಿಸುತ್ತಿದ್ದ, ತಡವರಿಸುತ್ತ ಒಂದು ಅಧ್ಯಾಯ ಓದುತ್ತಿದ್ದ. ತಪ್ಪು ಓದಿದಲ್ಲಿ ಸಮುವೇಲಪ್ಪ ಎಡಗೈಯಿಂದ ಹೊರಸು ಬಡಿಯುತ್ತಿದ್ದ. ಕೆಲವೊಮ್ಮೆ ಹಾಡಲು ನೋಡುತ್ತಿದ್ದರು. ಒಬ್ಬನ ಬಾಯಿ ತಿರುಗುತ್ತಿರಲಿಲ್ಲ, ಇನ್ನೊಬ್ಬ ಸಾಲು ಮರೆತಿದ್ದ.

ಕ್ರಿಸ್‌ಮಸ್‌ಗೆ ಮೊದಲಿನ ಐತವಾರ ಪಾದ್ರಿ ಅಯ್ಯನವರು ಆರಾಧನೆ ಮುಗಿಸಿ ಸಮುವೇಲಪ್ಪನಿಗೆ ಪ್ರಭುಭೋಜನ ಕೊಡಲು ಮನೆಗೇ ಬಂದರು. ಸಣ್ಣ ತಟ್ಟೆಯಲ್ಲಿ ರೊಟ್ಟಿಯ ಚೂರು, ಪುಟ್ಟ ಲೋಟದಲ್ಲಿ ದ್ರಾಕ್ಷಾರಸ. ಸಮುವೇಲಪ್ಪ ತೆಗೆದುಕೊಂಡ. ಆಮೇಲೆ ಎಡಗೈ ಎತ್ತಿ ಯೋನಪ್ಪನ ಕಡೆ ತೋರಿಸಿದ.

"ಅವಗೂ ಕೊಡ್ರಿ."

ಅಯ್ಯನವರು ತಡೆದು ನಿಂತರು; ಸಭೆಯ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಅದನ್ನು ಕೊಡುವಂತಿರಲಿಲ್ಲ. "ಕೊಡೋಣ. ಯೋನಪ್ಪ, ಮುಂದಿನ ವಾರ ಬಂದು ಸಭೆಯ ಮುಂದೆ ಹೆಸರು ಮತ್ತೆ ಬರೆಸ್ತೀನಿ ಅಂತ ಒಂದು ಮಾತು ಹೇಳು. ಈಗಲೇ ಕೊಡ್ತೀನಿ."

ಯೋನಪ್ಪ ಆ ಚೂರು ರೊಟ್ಟಿಯನ್ನೇ ನೋಡಿದ. ಒಂದು ಮಾತು. ಹೇಳಿಬಿಡಬಹುದಿತ್ತು. ಆದರೆ ಹೊಸ್ತಿಲಲ್ಲಿ ಕೂತುಬಿಟ್ಟ ಕಾಲಿನ ಮೇಲೆ ಅವನಿಗೇ ಭರವಸೆ ಇರಲಿಲ್ಲ. ಇಲ್ಲಿ ಸುಳ್ಳು ಹೇಳಿ ಅದನ್ನು ಬಾಯಿಗಿಟ್ಟುಕೊಳ್ಳಲು ಅವನಿಗೆ ಧೈರ್ಯವಾಗಲಿಲ್ಲ.

"ಬ್ಯಾಡ್ರಿ ಅಯ್ಯನೋರೆ," ಎಂದ. "ಬರ್ತೀನಂತ ಹೇಳಿ ಬರದಿದ್ರ ಅದು ದೊಡ್ಡ ಪಾಪ ಆಗ್ತದ."

ಅಯ್ಯನವರು ನಿಟ್ಟುಸಿರಿಟ್ಟು ತಟ್ಟೆಗೆ ಬಿಳಿ ಬಟ್ಟೆ ಮುಚ್ಚಿ ಹೋದರು. ಸಮುವೇಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದ. ಹಾಗೇ ಕೇಳಿದ:

"ಮುಂದಿನ ಐತಾರ?"

"ನಿನ್ನ ಮನಿಗಂತೂ ಬರ್ತೀನಣ್ಣ."

"ಇಷ್ಟಽ ಸಾಕು ಅಂತ ನಾ ಅನ್ನಂಗಿಲ್ಲ ನೋಡು."

"ನಾನೂ ಅಂದಿಲ್ಲ," ಎಂದ ಯೋನಪ್ಪ. ಗಂಜಿಯ ಬಟ್ಟಲು ಎತ್ತಿಕೊಂಡು, ಮುದುಕನ ತಲೆಯ ಕೆಳಗೆ ಕೈ ಕೊಟ್ಟು, ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ.